ಕಲಬುರಗಿಗೆ ಮನೆ ಸಾಮಾನು ತರುವವರಿಗೆ

ಬರ್ರಿ, ಶರಣರ ನಾಡಿಗೆ ಸ್ವಾಗತ. ವರ್ಗಾವಣೆಯಾಗಿ ಬರುವ ಕುಟುಂಬಗಳು ನಮ್ಮ ಸಂಘಕ್ಕೆ ಫೋನ್ ಮಾಡಿ ಮೊದಲು ಕೇಳುವುದೇ ಸಾಮಾನು ಹೇಗೆ ತರೋದು ಅಂತ. ಅದಕ್ಕೇ ಇದನ್ನು ಬರೆದಿಟ್ಟಿದ್ದೇವೆ.

ಲಾರಿ

ಮನೆ ಪೂರ್ತಿ ಖಾಲಿ ಮಾಡಿ ಬರುವವರು ಇಡೀ ಗಾಡಿಯನ್ನೇ ಮಾಡಿಕೊಳ್ಳಿ. ಪಾರ್ಟ್ ಲೋಡ್, ಅಂದರೆ ಬೇರೆಯವರ ಸಾಮಾನಿನ ಜೊತೆ ಒಂದೇ ಲಾರಿಯಲ್ಲಿ ಕಳಿಸೋದು, ಅಗ್ಗ, ನಿಜ. ಆದರೆ ಆ ಸಾಮಾನು ನಡುವೆ ಗೋಡೌನಿನಲ್ಲಿ ಇಳಿದು, ಇನ್ನೊಂದು ಲಾರಿ ಹತ್ತಿ ಬರುತ್ತದೆ. ಇಳಿಸಿ ಏರಿಸಿದಷ್ಟೂ ಪೆಟ್ಟು.

ಹಾಸನದಿಂದ ನಮ್ಮ ಸಾಮಾನು ಹಾಗೇ ಬಂತು. ಅತ್ತೆಯವರು ಕೊಟ್ಟ ತೊಟ್ಟಿಲು ಬಂತು. ಅದರ ಹಿತ್ತಾಳೆ ಸರಪಳಿ, ಗಿಣಿಗಳಿದ್ದ ಚೀಲ ಬರಲಿಲ್ಲ. ಬಿಲ್ಟಿ (ಲಾರಿ ಆಫೀಸಿನವರು ಕೊಡುವ ಸಾಗಣೆ ರಸೀದಿ) ತೆಗೆದು ನೋಡಿದರೆ ‘ಮನೆ ಸಾಮಾನು’ ಅಂತ ಎರಡೇ ಪದ. ಎಷ್ಟು ನಗ, ಅಂದರೆ ಎಷ್ಟು ಡಬ್ಬ, ಗಂಟು ಅಂತ ಇಲ್ಲ, ಬೆಲೆಯ ಜಾಗ ಖಾಲಿ. “ಆ ಚೀಲ ನೀವು ಹಾಕೇ ಇಲ್ರಿ” ಅಂತ ಲಾರಿ ಆಫೀಸಿನವರು ಅಂದುಬಿಟ್ಟರು. ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ನೂಲಿನ ಹಗ್ಗ ಕಟ್ಟಿದೆವು. ಇವತ್ತಿಗೂ ಅದು ನೆನಪಾದರೆ ಸಂಕಟವಾಗುತ್ತದೆ.

ಆದ್ದರಿಂದ ಬಿಲ್ಟಿ ಕೈಗೆ ಬರದೆ ಲಾರಿ ಕದಲಬಾರದು. ಅದರಲ್ಲಿ ನಗಗಳ ಸಂಖ್ಯೆ ಇರಲಿ, ಬೆಲೆ ಇರಲಿ. ಪ್ರತಿ ಡಬ್ಬಕ್ಕೂ ನಂಬರ್ ಬರೆದು, ಒಳಗೇನಿದೆ ಅಂತ ಒಂದು ಪಟ್ಟಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಬೆಲೆ ನಮೂದಿಸದಿದ್ದರೆ ನಿಯಮದ ಪ್ರಕಾರ ಸಾಗಣೆದಾರರ ಹೊಣೆ ಬಾಡಿಗೆಯ 10 ಪಟ್ಟಿಗೆ ನಿಲ್ಲುತ್ತದೆ. 900 ರೂಪಾಯಿ ಬಾಡಿಗೆ ಕೊಟ್ಟವರಿಗೆ ಹೆಚ್ಚೆಂದರೆ 9,000. ಸಾಮಾನು ಕಳೆದರೆ, ಒಡೆದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. 2007ರ ರಸ್ತೆ ಸಾಗಣೆ ಕಾಯ್ದೆ ಹಾಗೆ ಹೇಳುತ್ತದೆ. ನಾವು ಬರೀ ಫೋನ್ ಮಾಡುತ್ತಾ ಕೂತೆವು. ನೀವು ಹಾಗೆ ಮಾಡಬೇಡಿ.

‘ಡೋರ್ ಡೆಲಿವರಿ’ ಅಂತ ಬರೆಸಿ. ಇಲ್ಲದಿದ್ದರೆ ಗೋಡೌನಿನಿಂದ ನೀವೇ ತರಬೇಕು, ತಡವಾದರೆ ಡೆಮರೇಜ್ (ಗೋಡೌನಿನಲ್ಲಿ ಇಟ್ಟುಕೊಂಡದ್ದಕ್ಕೆ ದಂಡ) ಬೇರೆ.

ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ (ಸರಕು ಸಾಗಿಸಲು ಜಿಎಸ್‌ಟಿಯವರು ಕೇಳುವ ಪತ್ರ) ಬೇಕಿಲ್ಲ, ಸೊಲ್ಲಾಪುರ, ಹೈದರಾಬಾದ್ ಕಡೆಯಿಂದ ಬಂದರೂ ಅಷ್ಟೇ. ಅದರ ಹೆಸರಲ್ಲಿ ಹಣ ಕೇಳಿದರೆ ಕೊಡಬೇಡಿ.

ಉಳಿದವು

- ಬೈಕ್: ರೈಲ್ವೆ ಪಾರ್ಸಲ್. ಪೆಟ್ರೋಲ್ ಖಾಲಿ ಮಾಡಿಸಿ. ಆರ್‌ಸಿ, ಗುರುತಿನ ಚೀಟಿಯ ನಕಲು.
- ಸಣ್ಣ ಗಂಟು: ಸ್ಪೀಡ್ ಪೋಸ್ಟ್.
- ಗ್ಯಾಸ್ ಸಿಲಿಂಡರ್: ಲಾರಿಗೆ ಹಾಕಲೇಬೇಡಿ. ಅಲ್ಲಿನ ಗ್ಯಾಸ್ ಏಜೆನ್ಸಿಗೇ ಒಪ್ಪಿಸಿ ವರ್ಗಾವಣೆ ಚೀಟಿ ತನ್ನಿ.
- ಒಡವೆ, ಅಂಕಪಟ್ಟಿ: ಕೈಚೀಲದಲ್ಲಿ.

ಇಳಿಸುವ ದಿನ

ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಬೆಳಗ್ಗೆಯೇ ಇಳಿಸಿಕೊಳ್ಳಿ, ಹಮಾಲರಿಗೆ ನೀರು, ಮಜ್ಜಿಗೆ ಕೊಡಿ. ಹಮಾಲಿ ಎಷ್ಟು ಅಂತ ಮೊದಲೇ ಮಾತಾಡಿ, ಕನ್ನಡದಲ್ಲೇ ಮಾತಾಡಿ. ಇಲ್ಲಿನ ಮಾತು ತಿಳಿಯಲ್ಲ ಅಂತ ದಕ್ಷಿಣದಿಂದ ಬಂದವರು ಹಿಂದಿಗೆ ಹೊರಳುವುದು ನಮಗೆ ಬೇಸರ. “ನಿಮ್ ಸಾಮಾನ ಎಲ್ಲಿ ಇಡ್ಲಿರೀ” ಅಂದರೆ ಅದು ಕನ್ನಡವೇ, ಕವಿರಾಜಮಾರ್ಗ ಹುಟ್ಟಿದ ಸೀಮೆಯ ಕನ್ನಡ.

ನಗ ಎಣಿಸದೆ ಸಹಿ ಹಾಕಬೇಡಿ. ಕಡಿಮೆ ಬಂದಿದ್ದರೆ, ಒಡೆದಿದ್ದರೆ, ಲಾರಿಯವರ ಬಿಲ್ಟಿ ಪ್ರತಿಯ ಮೇಲೂ ಬರೆದೇ ಸಹಿ ಮಾಡಿ.

ಮುಂದೆ ನೀವೂ ಊರಿಗೆ ನಮ್ಮ ತೊಗರಿ ಬೇಳೆ ಕಳಿಸುತ್ತೀರಿ. 2019ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ಬೇಳೆ ಕಳಿಸೋಕೆ ಸರ್ಕಾರಿ ಬಸ್ಸಿನ ಪಾರ್ಸಲ್ ಸೇವೆ ‘ನಮ್ಮ ಕಾರ್ಗೋ’ ಸಾಕು. ಚೀಲದ ಮೇಲೆ ಫೋನ್ ನಂಬರ್ ದಪ್ಪಗೆ ಬರೆಯಿರಿ, ಬಾಯಿಯನ್ನು ಹೊಲಿದೇ ಕೊಡಿ.