ಮಧ್ಯದ ಪುಸ್ತಕ ಮೊದಲು ಹಿಡಿಯಿರಿ: ಕೋಝಿ ಸರಣಿ ಓದಿದ ನನ್ನ ಅನುಭವ

"ಲೈಬ್ರರಿ ನಂಬಿಕೊಂಡು ಸರಣಿ ಓದೋಕಾಗುತ್ತಾ? ಒಂದು ಸಿಕ್ಕರೆ ಇನ್ನೊಂದು ಸಿಗಲ್ಲ" ಅಂತ ಗೆಳೆಯರೆಲ್ಲ ನಕ್ಕಿದ್ದರು. ಕೋಝಿ ಅಂದರೆ ರಕ್ತಪಾತ ಹೆಚ್ಚಿಲ್ಲದ, ಸಾಮಾನ್ಯ ಕಸುಬಿನವರೇ ಕೊಲೆ ಪತ್ತೆ ಹಚ್ಚುವ ಹಗುರ ಪತ್ತೇದಾರಿ ಕಾದಂಬರಿ. ಮೂರು ವರ್ಷದಲ್ಲಿ ಅಂಥ ನಾಲ್ಕು ಸರಣಿ, ಸುಮಾರು 70 ಪುಸ್ತಕ ಮುಗಿಸಿದ್ದೇನೆ. ಈಗ ಅವರೇ ಪಟ್ಟಿ ಕೇಳುತ್ತಾರೆ.

ಮೊದಲ ವರ್ಷ ಬರೀ ಎಡವಟ್ಟು. ಕಪಾಟಿನಲ್ಲಿ ಕಂಡದ್ದನ್ನು ತರುತ್ತಿದ್ದೆ. ಒಂದು ಸರಣಿಯ ಐದನೇ ಪುಸ್ತಕದಲ್ಲಿ ಯಾರೋ ಮಾತಿನ ಮಧ್ಯೆ, ಪೋಸ್ಟ್ ಮಾಸ್ಟರ್ ಜೈಲಿಗೆ ಹೋದದ್ದನ್ನು ಸುಮ್ನೆ ಹೇಳಿಬಿಟ್ಟರು. ಆತ ಎರಡನೇ ಪುಸ್ತಕದ ಕೊಲೆಗಾರ. ಅದನ್ನು ನಾನಿನ್ನೂ ಓದಿರಲೇ ಇಲ್ಲ!

ಆಮೇಲೆ ದುಡ್ಡು. ಸಿಗದ ಪುಸ್ತಕಗಳನ್ನು ತಡೆಯಲಾರದೆ ಕೊಂಡೆ, ಆರೋ ಏಳೋ. ಅದರಲ್ಲಿ ಮೂರು ಮುಂದಿನ ತಿಂಗಳೇ ಕಪಾಟಿಗೆ ವಾಪಸ್ ಬಂದವು. ಒಮ್ಮೆ ಎಂಟು ಒಟ್ಟಿಗೆ ತಂದು, ನಾಲ್ಕೇ ಓದಿ, ಉಳಿದವಕ್ಕೆ ದಂಡ ಕಟ್ಟಿದೆ. ಒಂದು ಮಳೆಗೆ ನೆನೆದು ಉಬ್ಬಿತು, ಹೊಸದರ ಪೂರ್ತಿ ಬೆಲೆ ಕೊಡಬೇಕಾಯಿತು.

ಈಗ ಮೂರನೆಯದು ಕೈಗೆ ಬರುವವರೆಗೆ ಮೊದಲನೆಯದನ್ನು ತೆರೆಯುವುದಿಲ್ಲ. ನಾನು ಕಂಡಂತೆ ಕಾಣೆಯಾಗುವುದು ಮಧ್ಯದವೇ. ಹಾಗಾಗಿ ಮೊದಲು ಅವನ್ನೇ ಕಾಯ್ದಿರಿಸುತ್ತೇನೆ. ಕಾಯುವಾಗ ಓದಲು ಜೊತೆಗೊಂದು ಸರಣಿ ಬೇಕು. ಆದರೆ ಬೇರೆ ಕಸುಬಿನವರದ್ದಿರಲಿ. ಒಮ್ಮೆ ಎರಡರಲ್ಲೂ ಕೊಲೆ ಪತ್ತೆ ಹಚ್ಚುವವಳು ಪುಸ್ತಕದಂಗಡಿಯವಳೇ ಆಗಿ, ಯಾವ ಬೆಕ್ಕು ಯಾವ ಅಂಗಡಿಯದು ಅಂತ ತಿಳಿಯದೆ ಪೇಚಾಡಿದೆ. ಬೆಕ್ಕು ಅಂದಾಗ ನೆನಪಾಯಿತು: ‘ದ ಕ್ಯಾಟ್ ಹೂ’ ಸರಣಿಯ ಮೂರನೆಯದು ಬಂದದ್ದು 1968ರಲ್ಲಿ, ನಾಲ್ಕನೆಯದು 1986ರಲ್ಲಿ. ಆ ಓದುಗರ ಮುಂದೆ ನನ್ನ ಎರಡು ತಿಂಗಳ ಸರದಿ ಯಾವ ಲೆಕ್ಕ!

ಕ್ಯಾಟಲಾಗಿನಲ್ಲಿ "ಇದೆ" ಅಂತಿದ್ದು ಕಪಾಟಿನಲ್ಲಿ ಇಲ್ಲದ ಪುಸ್ತಕ ಎಲ್ಲಿರುತ್ತದೆ ಅನ್ನುವುದೂ ಗೊತ್ತಾಗಿದೆ. ಹೇಳಿದರೆ ನಾಳೆ ನನಗೇ ಸಿಗಲ್ಲ, ಅಲ್ವಾ?

ಪ್ರಕಟವಾದ ವರ್ಷವನ್ನೇ ಹಿಡಿದು ಹೋದರೂ ಕೆಲವೊಮ್ಮೆ ಮುಗ್ಗರಿಸುತ್ತೇವೆ. ಅಗಾಥಾ ಕ್ರಿಸ್ಟಿ ಬರೆದ, ಮಿಸ್ ಮಾರ್ಪಲ್ ಎಂಬ ವೃದ್ಧೆ ಪತ್ತೆ ಹಚ್ಚುವ ಸರಣಿಯ ‘ಸ್ಲೀಪಿಂಗ್ ಮರ್ಡರ್’ ಬಂದದ್ದು 1976ರಲ್ಲಿ. ಆದರೆ ಕ್ರಿಸ್ಟಿ ಅದನ್ನು ದಶಕಗಳ ಹಿಂದೆಯೇ ಬರೆದಿಟ್ಟಿದ್ದರು. 1962ರ ಪುಸ್ತಕದ ಹೊತ್ತಿಗೆ ತೀರಿಕೊಂಡಿದ್ದ, ಮಾರ್ಪಲ್ ಪರಿಚಯದ ಕರ್ನಲ್ ಬ್ಯಾಂಟ್ರಿ ಇದರಲ್ಲಿ ಆರಾಮಾಗಿ ಓಡಾಡಿಕೊಂಡಿದ್ದಾರೆ. ನಾನು ಪುಟ ತಿರುವಿ ತಿರುವಿ ನೋಡಿದೆ.

ಇನ್ನೊಂದು ಹುಚ್ಚೂ ಹತ್ತಿತ್ತು. ನೂರನೇ ಪುಟಕ್ಕೆ ನಿಲ್ಲಿಸಿ, ಕೊಲೆಗಾರ ಯಾರು ಅಂತ ಚೀಟಿಯಲ್ಲಿ ಬರೆದಿಡುವುದು. ನಲವತ್ತರಲ್ಲಿ ಹನ್ನೊಂದೋ ಹನ್ನೆರಡೋ ಸರಿಯಾದವು. ಒಂದು ಚೀಟಿ ಮಾತ್ರ ಪುಸ್ತಕದೊಳಗೇ ಉಳಿದು ವಾಪಸ್ ಹೋಯಿತು. ಆರು ತಿಂಗಳ ಮೇಲೆ ತಂಗಿಗೆ ಅಂತ ಅದನ್ನೇ ತಂದಾಗ ಚೀಟಿ ಅಲ್ಲೇ ಇತ್ತು. ನನ್ನ ಊಹೆಯ ಕೆಳಗೆ ಯಾರೋ ಪೆನ್ಸಿಲಿನಲ್ಲಿ "ನಾನೂ ಇವನೇ ಅಂದುಕೊಂಡಿದ್ದೆ" ಅಂತ ಬರೆದಿದ್ದರು.