ದಾರಂದದ ಮರ ಯಾವ ಕಾಡಿನದು? ಕೊಳ್ಳುವ ಮೊದಲು ಹೀಗೆ ಕೇಳಿ

ಮಂಗಳೂರು, ಉಡುಪಿ ಕಡೆ ಮನೆ ಕಟ್ಟುವವರಿಗೆ ದಾರಂದಕ್ಕೆ ಕಿರಾಲ್‌ಬೋಗಿ ಈಗ ಸುಲಭವಾಗಿ ಸಿಗುವುದಿಲ್ಲ. ಡಿಪೋದಲ್ಲಿ ತೋರಿಸುವುದು ‘ಮಲೇಷ್ಯಾ ಮರ’. ಕಟಪಾಡಿಯ ಅಕ್ಕನ ಮನೆಗೆ ಮರ ನೋಡಲು ಹೋದಾಗ ಒಂದು ದುಂಡುಮರದ ತುದಿಯಲ್ಲಿ ಬಣ್ಣದ ನಂಬರು, ಸುತ್ತಿಗೆಯಿಂದ ಬಡಿದ ಮುದ್ರೆ, ಮೊಳೆ ಹೊಡೆದು ಕೂರಿಸಿದ ಪ್ಲಾಸ್ಟಿಕ್ ಚೀಟಿ ಕಂಡವು. ಅದೇನೆಂದು ಕೇಳಿದರೆ ಡಿಪೋದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮರ ಕಡಿದ ಜಾಗಕ್ಕೆ ಹಿಂದಿರುಗಲು ಇರುವ ದಾರಿಯೇ ಆ ಚೀಟಿ.

ಮೊದಲು ಜಾತಿ ಕೇಳಿ. ‘ಮಲೇಷ್ಯಾ ಸಾಲ್’ ವ್ಯಾಪಾರದ ಹೆಸರು, ಅಷ್ಟೆ. ಆ ಹೆಸರಿನ ಹಿಂದಿರುವುದು ಮೆರಾಂಟಿ ಮರವೋ ಬಲಾವ್ ಮರವೋ ಎಂದು ಕೇಳಿ, ಸಸ್ಯಶಾಸ್ತ್ರೀಯ ಹೆಸರನ್ನೂ ಕೇಳಿ. ಇವೆರಡೂ ನಮ್ಮ ಘಟ್ಟದ ಧೂಪ, ಕಿರಾಲ್‌ಬೋಗಿಗಳ ಕುಟುಂಬಕ್ಕೇ ಸೇರಿದ ಮರಗಳು. ಇವು ಬೆಳೆಯುವ ಬೋರ್ನಿಯೋ ದ್ವೀಪದ ಮಳೆಕಾಡು ನಮಗೆ ಅಷ್ಟೇನೂ ದೂರದ್ದಲ್ಲ.

ಆಮೇಲೆ ದೇಶ. ಮಲೇಷ್ಯಾ ಎಂದರೆ ಸಾಲದು, ಯಾವ ಭಾಗದ್ದು ಎಂದು ಕೇಳಬೇಕು. ಮಲೇಷ್ಯಾ ಪರ್ಯಾಯ ದ್ವೀಪದಿಂದ ದುಂಡುಮರದ ರಫ್ತು 1985ರಿಂದ ನಿಷಿದ್ಧ. ಇಂಡೋನೇಷ್ಯಾ 2001ರಲ್ಲಿ, ಮ್ಯಾನ್ಮಾರ್ 2014ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿದವು. ಹೇಳಿದ ಊರಿಗೂ ಕಣ್ಣೆದುರಿನ ಮರಕ್ಕೂ ತಾಳೆಯಾಗದಿದ್ದರೆ ಅಲ್ಲೇ ನಿಲ್ಲಿ.

ನಾವು ಇಷ್ಟೆಲ್ಲ ಏಕೆ ಕೇಳಬೇಕು? ಬೋರ್ನಿಯೋ ದ್ವೀಪವನ್ನು ಇಂಡೋನೇಷ್ಯಾ, ಮಲೇಷ್ಯಾ, ಬ್ರೂನೈ ಹಂಚಿಕೊಂಡಿವೆ. ನಡುವಿನ ಸುಮಾರು 2.2 ಲಕ್ಷ ಚದರ ಕಿ.ಮೀ. ಕಾಡನ್ನು ಒಟ್ಟಾಗಿ ಉಳಿಸುತ್ತೇವೆಂದು ಮೂರೂ ದೇಶಗಳು 2007ರ ಫೆಬ್ರುವರಿ 12ರಂದು ಬಾಲಿಯಲ್ಲಿ ಸಹಿ ಹಾಕಿದವು. ಅದು ಘೋಷಣೆ. ತಪ್ಪಿದವರಿಗೆ ದಂಡ ವಿಧಿಸುವ ಅಧಿಕಾರ ಅದಕ್ಕಿಲ್ಲ. ಒಂದು ದೇಶದ ಕಾನೂನು ಗಡಿಯಲ್ಲಿ ನಿಲ್ಲುತ್ತದೆ, ಕಡಿದ ಮರ ನಿಲ್ಲುವುದಿಲ್ಲ. ಚೌಕಟ್ಟು, ಪಟ್ಟಿಗಳಿಗೆ ಬಳಸುವ ರಾಮಿನ್ ಎಂಬ ಮರದ ಕಥೆ ಹಾಗೆಯೇ ಆಯಿತು. ಇಂಡೋನೇಷ್ಯಾದ ರಕ್ಷಿತ ಕಾಡಿನಲ್ಲಿ ಕಡಿದದ್ದು ಗಡಿ ದಾಟಿ ಬೇರೆ ದೇಶದ ಕಾಗದ ಪಡೆದು ಮಾರಾಟವಾಗುತ್ತಿತ್ತು. 2004ರಲ್ಲಿ ಅದನ್ನು ಅಳಿವಿನ ಭೀತಿಯ ಸಸ್ಯ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟಿಸ್’ ಒಪ್ಪಂದದ ಎರಡನೇ ಅನುಬಂಧಕ್ಕೆ, ಅಂದರೆ ಪರವಾನಗಿ ಇದ್ದರೆ ಮಾತ್ರ ರಫ್ತು ಮಾಡಬಹುದಾದ ಜಾತಿಗಳ ಪಟ್ಟಿಗೆ, ಸೇರಿಸಲಾಯಿತು. ಇಂಡೋನೇಷ್ಯಾ, ಮಲೇಷ್ಯಾ, ಸಿಂಗಪುರ ಸೇರಿ ಅದರ ಮೇಲೆ ಕಣ್ಣಿಡಲು ಜಂಟಿ ಪಡೆಯನ್ನೂ ಕಟ್ಟಿದವು. ಕಳುಹಿಸುವ ದೇಶದ ಪರವಾನಗಿ ಇಲ್ಲದ ರಾಮಿನ್ ನಮ್ಮ ಪಣಂಬೂರು ಬಂದರಿನಲ್ಲೂ ಇಳಿಯುವಂತಿಲ್ಲ, ಏಕೆಂದರೆ ಭಾರತ 1976ರಿಂದಲೇ ಈ ಒಪ್ಪಂದದ ಸದಸ್ಯ. 2022ರ ತಿದ್ದುಪಡಿಯ ಮೂಲಕ ಅದು ನಮ್ಮ ವನ್ಯಜೀವಿ ಕಾಯ್ದೆಯೊಳಗೂ ಬಂದಿದ್ದು, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಲ್ಯಾಟಿನ್ ಅಮೆರಿಕದ ಕಾಡಿನ ದೊಡ್ಡೆಲೆ ಮಹಾಗನಿಗೂ ಇದೇ ಅನುಬಂಧದ ಕಾವಲಿದೆ.

ಮೂರನೆಯದು ಕಾಗದ. ಆಮದಾದ ಮರಕ್ಕೆ ರಫ್ತು ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಇರಲೇಬೇಕು. ಮೂಲ ದೇಶದ ಪ್ರಮಾಣಪತ್ರ, ಕಸ್ಟಮ್ಸ್‌ಗೆ ಸಲ್ಲಿಸಿದ ಬಿಲ್ ಆಫ್ ಎಂಟ್ರಿ ಇವುಗಳ ಪ್ರತಿಯನ್ನೂ ಕೇಳಿ. ಚಿಲ್ಲರೆ ಡಿಪೋದವರ ಬಳಿ ಇಲ್ಲದಿದ್ದರೆ ಆಮದು ಮಾಡಿದವರಿಂದ ತರಿಸಿಕೊಡಲಿ. ಎರಡು ದಿನ ಕಾದರೆ ದಾರಂದ ಓಡಿಹೋಗುವುದಿಲ್ಲ.

ಕಾಡನ್ನು ಹೊಣೆಯರಿತು ನೋಡಿಕೊಂಡು ತೆಗೆದ ಮರಕ್ಕೆ ಪ್ರಮಾಣಪತ್ರ ನೀಡುವ ವ್ಯವಸ್ಥೆಯಾದ ಎಫ್‌ಎಸ್‌ಸಿಯ (ಫಾರೆಸ್ಟ್ ಸ್ಟೂವರ್ಡ್‌ಶಿಪ್ ಕೌನ್ಸಿಲ್) ಲಾಂಛನ ಗೋಡೆಗೆ ಅಂಟಿಸಿದ್ದರೆ ಅದನ್ನು ನಂಬಿ ಹಣ ಕೊಡಬೇಡಿ. ಪ್ರಮಾಣಪತ್ರದ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡಿ. ಅದು ಚಾಲ್ತಿಯಲ್ಲಿದೆಯೇ, ನೀವು ಕೊಳ್ಳುವ ಮರ ಅದರ ವ್ಯಾಪ್ತಿಯಲ್ಲಿದೆಯೇ ಎಂಬುದು ಮೊಬೈಲ್‌ನಲ್ಲೇ ಸಿಗುತ್ತದೆ. ಅದೇ ಸಂಖ್ಯೆ ನಿಮ್ಮ ಬಿಲ್ಲಿನಲ್ಲೂ ಇರಬೇಕು.

ಬಿಲ್ಲಿನಲ್ಲಿ ‘ಮರ, ಇಷ್ಟು ಸಿಎಫ್‌ಟಿ (ಘನ ಅಡಿ)’ ಎಂದಷ್ಟೇ ಬರೆಸಿಕೊಳ್ಳದೆ ಜಾತಿ, ದೇಶ ಎರಡನ್ನೂ ಬರೆಸಿ. ಚೀಟಿಯ, ಮುದ್ರೆಯ ಫೋಟೊವನ್ನು ಡಿಪೋದಲ್ಲೇ ತೆಗೆದುಕೊಳ್ಳಿ. ಮಿಲ್ಲಿಗೆ ಹೋದ ಮೇಲೆ ಗರಗಸ ಮೊದಲು ಕತ್ತರಿಸಿ ಬಿಸಾಡುವುದು ಆ ತುದಿಯನ್ನೇ.