ಬ್ರಷ್ ಬಿಟ್ಟೆ, ಮೀನುಗಳನ್ನು ನಂಬಿದೆ: ಹವಳದ ನರ್ಸರಿಯಲ್ಲಿ ನನ್ನ 7 ವರ್ಷ

ಹವಳದ ತುಂಡುಗಳನ್ನು ದಿಬ್ಬದಲ್ಲಿ ನೆಡುವ ಮೊದಲು ನೀರಿನೊಳಗೆ ಹಗ್ಗಕ್ಕೆ ಕಟ್ಟಿ ಬೆಳೆಸುವ ಜಾಗವೇ ನರ್ಸರಿ. ಅದನ್ನು ಹವಳದ ದಿಬ್ಬದ ಪಕ್ಕಕ್ಕೇ ತರುತ್ತೇನೆ ಅಂದಾಗ ನನ್ನ ಜೊತೆ ಡೈವ್ ಮಾಡುವವರೇ ಬೇಡ ಅಂದರು. ಗಿಳಿಮೀನು ಕಚ್ಚಿ ಹಾಕುತ್ತೆ, ಹವಳ ತಿನ್ನುವ ಬಸವನಹುಳು ಹತ್ತುತ್ತೆ, ದೂರದ ಮರಳಿನ ಮೇಲೆ ಇಡುವುದೇ ಸರಿ ಅನ್ನುವುದು ಅವರ ವಾದ. ಮೊನ್ನೆಯ ಎಣಿಕೆಯಲ್ಲಿ, ಜಾಗ ಬದಲಿಸಿದ ಮೇಲೆ ನೆಟ್ಟ ತುಂಡುಗಳಲ್ಲಿ ಹೆಚ್ಚುಕಡಿಮೆ 65% ಬದುಕಿವೆ. 2023-24ರಲ್ಲಿ ಸಮುದ್ರ ಕಾದ ಬಿಸಿಯನ್ನು ದಾಟಿಯೂ ಇಷ್ಟು ಉಳಿದಿವೆ. ಆಗ ಬೇಡ ಅಂದವರಲ್ಲಿ ಇಬ್ಬರು ಈಗ ತಮ್ಮ ಹಗ್ಗಗಳನ್ನೂ ಹತ್ತಿರಕ್ಕೆ ಎಳೆದುಕೊಂಡಿದ್ದಾರೆ.

ಮೊದಲ ವರ್ಷ ನಾನೂ ಎಲ್ಲರ ಹಾಗೇ ಮಾಡಿದೆ. ಅನುಮತಿ ಪಡೆದು, ಒಡೆದು ಬಿದ್ದಿದ್ದ ಅಕ್ರೋಪೋರಾ (ಕವಲೊಡೆದು ಬೆಳೆಯುವ ಹವಳ) ತುಂಡುಗಳನ್ನು ಮಾತ್ರ ಆರಿಸಿದೆ. ಸುಮಾರು 600 ಇದ್ದವು. ದಿಬ್ಬದಿಂದ 200 ಮೀಟರ್ ದೂರ, ಬರೀ ಮರಳಿನ ಮೇಲೆ ಹಗ್ಗ ಕಟ್ಟಿದೆ. ಎರಡು ತಿಂಗಳು ಕಣ್ಣಿಗೆ ಹಬ್ಬ. ತುದಿಗಳು ದಿನದಿನಕ್ಕೆ ಬೆಳ್ಳಗೆ ಚಿಗುರುತ್ತಿದ್ದವು. ಆಮೇಲೆ ಪಾಚಿ ಶುರುವಾಯಿತು. ಒಂದು ಡೈವ್‌ಗೆ 60 ನಿಮಿಷ ಸಿಕ್ಕರೆ 40 ನಿಮಿಷ ಬ್ರಷ್ ಹಿಡಿದು ಹಗ್ಗ ಉಜ್ಜುವುದಕ್ಕೇ ಹೋಗುತ್ತಿತ್ತು. ಗಾಳಿ ಎದ್ದು ಮೂರು ವಾರ ನೀರಿಗೆ ಇಳಿಯಲು ಆಗಲಿಲ್ಲ. ಹೋಗಿ ನೋಡಿದರೆ ಹಗ್ಗದ ತುಂಬ ಹಸಿರು ಉಣ್ಣೆ ಸುತ್ತಿದ ಹಾಗಿತ್ತು. ಒಳಗೆ ಜೀವಂತವಾಗಿ ಉಳಿದದ್ದು 80 ಇರಬಹುದು.

ದುಡ್ಡಿನ ವಿಷಯ ಹೇಳಲೇಬೇಕು. ಆ ವರ್ಷದ ಖರ್ಚನ್ನು ಹತ್ತು ಭಾಗ ಮಾಡಿದರೆ ಆರು ಭಾಗ ದೋಣಿ ಮತ್ತು ಸಿಲಿಂಡರ್‌ಗೆ ಹೋಗಿತ್ತು. ಹಗ್ಗ, ಕೇಬಲ್ ಟೈ, ಬೋಯ್ (ತೇಲುಬುರುಡೆ) ಎಲ್ಲಾ ಸೇರಿದರೂ ಒಂದು ಭಾಗ ದಾಟಲಿಲ್ಲ. ಅಂದರೆ ನಾನು ದುಡ್ಡು ಸುರಿಯುತ್ತಿದ್ದದ್ದು ಹವಳ ಬೆಳೆಸುವುದಕ್ಕಲ್ಲ, ಪಾಚಿ ಉಜ್ಜುವುದಕ್ಕೆ. ಇದು ಅರ್ಥವಾಗಲು ನನಗೆ ಎರಡು ವರ್ಷ ಬೇಕಾಯಿತು.

ಎರಡನೇ ವರ್ಷದ ಪೆಟ್ಟು ಬೇರೆ ಥರದ್ದು. ಎಪಾಕ್ಸಿ ಅಂಟಿನಲ್ಲಿ ದಿಬ್ಬದ ಕಲ್ಲಿಗೆ ನೆಟ್ಟಿದ್ದರಲ್ಲಿ ಮೂರನೇ ಒಂದು ಭಾಗ ಕಳಚಿ ಬಿತ್ತು. ಕಲ್ಲನ್ನು ಬರೀ ಕೈಗವಸಿನಲ್ಲಿ ಒರೆಸಿದರೆ ಸಾಲದು, ತಂತಿ ಬ್ರಷ್‌ನಲ್ಲಿ ಬಿಳಿ ಕಾಣುವವರೆಗೆ ಕೆರೆಯಬೇಕು. ಉಳಿದದ್ದರ ಮೇಲೆ ಯಾವುದೋ ದೋಣಿ ಲಂಗರು ಹಾಕಿತು. ಸರಪಳಿ ಎಳೆದ ದಾರಿ ಮೇಲಿನಿಂದಲೇ ಕಾಣುತ್ತಿತ್ತು. ಹತ್ತು ನಿಮಿಷದ ನಿಲುಗಡೆಗೆ ಒಂದು ವರ್ಷದ ಕೆಲಸ ಪುಡಿಪುಡಿ. ದೋಣಿಯವರಿಗೆ ಕಟ್ಟಿಕೊಳ್ಳಲು ಬೇರೆ ಜಾಗವೇ ಇರಲಿಲ್ಲ ಅನ್ನುವುದೂ ನಿಜ. ನೀರಿನೊಳಗಿನ ಕ್ಯಾಮೆರಾ ಮಾರಿ ಮೂರು ಬೋಯ್ ಹಾಕಿಸಿದೆ. ಆಮೇಲೆ ಅಲ್ಲಿ ಲಂಗರು ಬಿದ್ದಿಲ್ಲ. ಹವಳಕ್ಕೆ ನಾನು ಮಾಡಿದ ಖರ್ಚುಗಳಲ್ಲಿ ಪೂರ್ತಿ ಫಲ ಕೊಟ್ಟದ್ದು ಇದೊಂದೇ.

ದಾರಿ ತೋರಿಸಿದ್ದು ಒಂದು ಕಳೆದುಹೋದ ಹಗ್ಗ. ಗಾಳಿಯಲ್ಲಿ ಕಿತ್ತುಕೊಂಡು ಹೋಗಿದ್ದ ಅದು ಐದು ವಾರದ ನಂತರ ದಿಬ್ಬದ ಅಂಚಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ನಾನು ಅದನ್ನು ಒಮ್ಮೆಯೂ ಉಜ್ಜಿರಲಿಲ್ಲ. ಆದರೂ ನನ್ನ ಉಳಿದ ಹಗ್ಗಗಳಿಗಿಂತ ಚೊಕ್ಕವಾಗಿತ್ತು! ಅಲ್ಲೇ ಕಾದು ನೋಡಿದೆ. ಸರ್ಜನ್ ಮೀನುಗಳ ಒಂದು ಗುಂಪು ಬಂತು, ಹಿಂದೆಯೇ ಬೆರಳುದ್ದದ ಗಿಳಿಮೀನು ಮರಿಗಳು. ಹಗ್ಗದ ಉದ್ದಕ್ಕೂ ಮೇಯ್ದುಕೊಂಡು ಹೋದವು. ಮರಳಿನ ಬಯಲಿಗೆ ಈ ಮೀನುಗಳು ಬರುವುದೇ ಇಲ್ಲ, ಅಡಗಲು ಜಾಗವಿಲ್ಲದ ಕಡೆ ಯಾಕೆ ಬಂದಾವು?

ಮುಂದಿನ ತಿಂಗಳೇ ಎಲ್ಲಾ ಹಗ್ಗಗಳನ್ನು ದಿಬ್ಬದ ಅಂಚಿಗೆ ತಂದೆ. ಅಂಚಿನಿಂದ ಎರಡು ಮಾರು ದೂರ, ತಳದಿಂದ ಒಂದೂವರೆ ಮೀಟರ್ ಎತ್ತರ. ಎತ್ತರ ಕಡಿಮೆಯಾದರೆ ಬಸವನಹುಳು ಹತ್ತುತ್ತದೆ, ಕೆಸರೂ ಕೂರುತ್ತದೆ. ಗಿಳಿಮೀನು ಕಚ್ಚುತ್ತೆ ಅಂದವರ ಮಾತು ಸುಳ್ಳಲ್ಲ. ಹೊಸ ಗಾಯದ ಮೇಲೆ ಅವಕ್ಕೆ ಕಣ್ಣು. ಅದಕ್ಕೆ ಮೊದಲ ಕೆಲವು ದಿನ ಬಲೆಯ ಗೂಡು ಹಾಕಿ ಆಮೇಲೆ ತೆಗೆಯುತ್ತೇನೆ. ಎಷ್ಟು ದಿನಕ್ಕೆ, ತುಂಡಿನಲ್ಲಿ ಏನು ನೋಡಿ ತೆಗೆಯುವುದು ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ಕೊಟ್ಟ ಬೆಲೆ ದೊಡ್ಡದು. ಎಪಾಕ್ಸಿ ಬಿಟ್ಟು ಸಿಮೆಂಟಿಗೆ ಬಂದೆ. ಅದರಲ್ಲಿ ಬೆರೆಸುವ ಇನ್ನೊಂದು ಪುಡಿಯೂ ನನ್ನಲ್ಲೇ ಇರಲಿ.

ನೆಡುವಾಗ ಒಂದೇ ತಾಯಿಯ, ಅಂದರೆ ಒಂದೇ ಮೂಲ ಹವಳದಿಂದ ಬಂದ, ಏಳೆಂಟು ತುಂಡುಗಳನ್ನು ಗೇಣು ಅಂತರದಲ್ಲಿ ಗುಂಪಾಗಿ ನೆಡುತ್ತೇನೆ. ಬೆಳೆದಾಗ ಅವು ಬೆಸೆದುಕೊಂಡು ಒಂದೇ ಪೊದೆಯಾಗುತ್ತವೆ. ಬೇರೆ ತಾಯಿಯದನ್ನು ಅದಕ್ಕೆ ಒತ್ತಿಕೊಂಡು ಇಟ್ಟರೆ ಒಂದನ್ನೊಂದು ಸುಟ್ಟುಹಾಕುತ್ತವೆ. ಹಾಗಂತ ಬಹಳ ದೂರವೂ ಸಲ್ಲ. ಒಂದೇ ತಾಯಿಯ ಮೊಟ್ಟೆ, ವೀರ್ಯ ಸೇರಿದರೆ ಸಾಮಾನ್ಯವಾಗಿ ಫಲ ಕಟ್ಟುವುದಿಲ್ಲ ಅಲ್ವಾ? ನನ್ನ ಹತ್ತಿರ ಈಗ 20ಕ್ಕೂ ಜಾಸ್ತಿ ತಾಯಿ ಹವಳಗಳಿವೆ, ಪ್ರತಿಯೊಂದರ ಲೆಕ್ಕ ಇಟ್ಟಿದ್ದೇನೆ.

ಆದರೆ ಮೀನೇ ಇಲ್ಲದಿದ್ದರೆ ಇಷ್ಟೆಲ್ಲಾ ಮಾಡಿ ಏನು ಬಂತು? ಗಿಳಿಮೀನು ರಾತ್ರಿ ಕಲ್ಲಿನ ಸಂದಿಯಲ್ಲಿ ನಿದ್ದೆ ಮಾಡುತ್ತದೆ. ಟಾರ್ಚ್ ಹಿಡಿದು ಈಟಿ ಹಾಕುವವರಿಗೆ ಅದರಷ್ಟು ಸುಲಭದ ಬೇಟೆ ಇಲ್ಲ. ಕೆರಿಬಿಯನ್ ದ್ವೀಪ ಜಮೈಕಾದ ಕಥೆ ಕೇಳಿ. ಅಲ್ಲಿ ಮೇಯುವ ಮೀನುಗಳನ್ನು ಮೊದಲೇ ಹಿಡಿದು ಮುಗಿಸಿದ್ದರು. 1983-84ರಲ್ಲಿ ಪಾಚಿ ಮೇಯುವ ಮುಳ್ಳುಚೆಂಡಿನಂಥ ಡಯಾಡೆಮಾ ಸೀ ಅರ್ಚಿನ್‌ಗಳೂ ರೋಗಕ್ಕೆ ಸತ್ತ ಮೇಲೆ ಪಾಚಿಗೆ ತಡೆಯೇ ಉಳಿಯಲಿಲ್ಲ. ಹಾಗಾಗಿ ಈಟಿ ಹಿಡಿಯುವವರ ಜೊತೆ ಕೂತು ಮಾತಾಡಿದೆ. ಒಂದೂವರೆ ವರ್ಷ ಬೇಕಾಯಿತು. ದಿಬ್ಬದ ಒಂದು ಮೂಲೆಯನ್ನು ಮುಟ್ಟುವುದಿಲ್ಲ ಅಂತ ಒಪ್ಪಿದರು, ನನ್ನ ದೋಣಿ ಕೆಲಸವನ್ನು ಅವರಿಗೇ ಕೊಟ್ಟೆ. ಈಗ ನನಗಿಂತ ಮೊದಲು ಹವಳ ತಿನ್ನುವ ಮುಳ್ಳಿನ ನಕ್ಷತ್ರಮೀನನ್ನು ಗುರುತಿಸುವವರು ಅವರೇ. ಅದಕ್ಕೆ ವಿನೆಗರ್ ಚುಚ್ಚುತ್ತೇವೆ, ಕತ್ತರಿಸುವುದಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಹಿಲ್ಬರ್ಟ್ಸ್ ಮತ್ತು ಗೊರೋ ಎಂಬಿಬ್ಬರು ರೂಪಿಸಿದ, ಕಡಿಮೆ ವೋಲ್ಟೇಜಿನ ಕರೆಂಟ್ ಹರಿಸಿ ಸುಣ್ಣ ಕಟ್ಟಿಸುವ ಕಬ್ಬಿಣದ ಚೌಕಟ್ಟನ್ನು ಒಂದು ವರ್ಷ ನಡೆಸಿದೆ. ಕಬ್ಬಿಣದ ಮೇಲೆ ಸುಣ್ಣ ಚೆನ್ನಾಗಿ ಕಟ್ಟಿತು. ಆದರೆ ಕೇಬಲ್ ಜೋಡಣೆ ಮತ್ತೆ ಮತ್ತೆ ತುಕ್ಕು ಹಿಡಿದು ಕರೆಂಟ್ ನಿಲ್ಲುತ್ತಿತ್ತು, ಕೈಬಿಟ್ಟೆ. ಗುಂಡು ಪೊರೈಟಿಸ್ ಹವಳವನ್ನು ಹವಳ ವಿಜ್ಞಾನಿ ಡೇವಿಡ್ ವಾನ್ ತೋರಿಸಿಕೊಟ್ಟ ಹಾಗೆ ಉಗುರಿನಷ್ಟು ಚಿಕ್ಕದಾಗಿ ಕೊಯ್ದು ಸತ್ತ ಹವಳದ ತಲೆಯ ಮೇಲೆ ಅಂಟಿಸಿದೆ. ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು ಅನ್ನುವ ಜಾತಿ ಅದು. ಆದರೂ ಒಂದೂವರೆ ವರ್ಷದೊಳಗೆ ತುಂಡುಗಳು ಅಂಚಿಗೆ ಅಂಚು ಸೇರಿದವು. ಇದನ್ನು ಇನ್ನೂ ಮುಂದುವರಿಸಿದ್ದೇನೆ. ಕೃತಕ ದಿಬ್ಬ ಕಟ್ಟಲು ಹಳೇ ಟೈರ್ ಪುಕ್ಕಟೆ ಕೊಡುತ್ತೇವೆ ಅಂತ ಬಂದವರಿಗೆ ನೇರವಾಗಿ ಬೇಡ ಅಂದೆ. ಅಮೆರಿಕದ ಫ್ಲೋರಿಡಾದಲ್ಲಿ 1970ರ ದಶಕದಲ್ಲಿ ಹಾಗೆಂದೇ ಸುಮಾರು 20 ಲಕ್ಷ ಟೈರ್ ಮುಳುಗಿಸಿದರು. ಕಟ್ಟು ಬಿಚ್ಚಿಕೊಂಡ ಟೈರ್‌ಗಳು ಪಕ್ಕದ ಜೀವಂತ ಹವಳವನ್ನೇ ಉಜ್ಜಿ ಹಾಳು ಮಾಡಿದವು.

ಬಿಸಿಗೆ ಮಾತ್ರ ನನ್ನ ಹತ್ತಿರ ಪೂರ್ತಿ ಮದ್ದಿಲ್ಲ. ಸಮುದ್ರದ ಬಿಸಿಯನ್ನು ಉಪಗ್ರಹದಿಂದ ಅಳೆಯುವ ಅಮೆರಿಕದ ಕೋರಲ್ ರೀಫ್ ವಾಚ್ ನಕ್ಷೆಯಲ್ಲಿ, ವಾರಗಟ್ಟಲೆ ಕೂಡಿದ ಶಾಖದ ಲೆಕ್ಕ 4 (ಹವಳ ಬಿಳಿಚುವ ಮಟ್ಟ) ದಾಟಿದ ದಿನವೇ ಹಗ್ಗಗಳನ್ನು 4 ಮೀಟರ್‌ನಿಂದ 9 ಮೀಟರ್ ಆಳಕ್ಕೆ ಇಳಿಸಿದೆ. ಹಗ್ಗದ ಮೇಲಿದ್ದದ್ದು ಮುಕ್ಕಾಲು ಪಾಲು ಉಳಿಯಿತು. ನೆಟ್ಟದ್ದನ್ನು ಇಳಿಸುವ ಹಾಗಿಲ್ಲವಲ್ಲ. ಮೇಲಿನ ಪೊದೆಗಳು ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡವು. ನೀರೊಳಗೆ ಮುಖವಾಡ ಹಾಕಿಕೊಂಡೇ ಅತ್ತಿದ್ದೇನೆ. ಆದರೆ ಮಧ್ಯಾಹ್ನ ನೀರು ಕಾಯುವ ಆಳವಿಲ್ಲದ ಹೊಂಡದಿಂದ ತಂದಿದ್ದ ತಾಯಂದಿರ ಮಕ್ಕಳು ಬಹುತೇಕ ಬಣ್ಣ ತುಂಬಿಕೊಂಡವು. ಈಗ ಹೊಸ ತುಂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಂಥ ಜಾಗದವೇ.

ಕಳೆದ ಸಲ ಹುಣ್ಣಿಮೆ ಕಳೆದ ಐದನೇ ರಾತ್ರಿ ಕೆಳಗೆ ಹೋಗಿದ್ದೆ. ಆರು ವರ್ಷದ ಹಿಂದೆ ನೆಟ್ಟು, ಲಂಗರಿನಿಂದ ತಪ್ಪಿಸಿಕೊಂಡಿದ್ದ ಒಂದು ಪೊದೆಯಿಂದ ಗುಲಾಬಿ ಬಣ್ಣದ ಮೊಟ್ಟೆಯ ಗುಳಿಗೆಗಳು ಎದ್ದು ಮೇಲಕ್ಕೆ ತೇಲಿದವು. ಸ್ವಲ್ಪ ಹೊತ್ತಿಗೆ ಮೂರು ಮೀಟರ್ ಆಚೆಯ ಇನ್ನೊಂದು ತಾಯಿಯ ಪೊದೆಯೂ ಬಿಟ್ಟಿತು. ಟಾರ್ಚ್ ಆರಿಸಿ ಸಿಲಿಂಡರ್ ಖಾಲಿಯಾಗುವ ಹೊತ್ತಿನವರೆಗೂ ಅಲ್ಲೇ ಇದ್ದೆ. ಮುಂದಿನ ಋತುವಿಗೆ ಮರಿಗಳು ಕೂರಲು 40 ಹೆಂಚು ಬಿಲ್ಲೆಗಳನ್ನು ಈಗಲೇ ನೀರಲ್ಲಿ ನೆನೆಹಾಕಿದ್ದೇನೆ.